ಮೂರನೇ ಕಂಬಿಯ ಸಾಕ್ಷಿ

ಬೀಗ ತೆರೆದದ್ದೋ ಮೀಟಿದ್ದೋ ಎಂದು ನೋಡಿದ ಕೂಡಲೇ ಹೇಳಬಲ್ಲವನು ಆ ಊರಿಗೆಲ್ಲ ಒಬ್ಬನೇ. ಎರಡು ಕಟ್ಟಡಗಳ ಸಂದಿಯಲ್ಲಿ ಅವನ ಅಂಗಡಿ. ಗಿರಾಕಿ ಒಳಗೆ ಬರಬೇಕಾದರೆ ಅವನು ಹೊರಗೆ ಬರಬೇಕು, ಅಷ್ಟು ವಿಶಾಲ. ತಂದ ಬೀಗವನ್ನು ಬಿಚ್ಚಿ, ಅದರ ಹೊಟ್ಟೆಯೊಳಗಿನ ಹಿತ್ತಾಳೆ ಪಿನ್ನುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗುವನು. ಗೀರು ನೇರವಾಗಿ ಒಂದೇ ಕಡೆ ಇದ್ದರೆ ಕೀಲಿಕೈ. ಅಡ್ಡಾದಿಡ್ಡಿ ಇದ್ದರೆ ಕಳ್ಳನ ಕಂಬಿ. "ಇದಕ್ಕೆ ಬಲ ಹಾಕಿದಾರೆ," ಎಂದು ಅವನು ಹೇಳಿದರೆ ಪೊಲೀಸರೂ ಬರೆದುಕೊಳ್ಳುವರು, ವಿಮೆ ಕಂಪನಿಯವರೂ ಬರೆದುಕೊಳ್ಳುವರು. ಊರು ಅವನನ್ನು ಬೀಗದಣ್ಣ ಎಂದು ಕರೆಯುತ್ತಿತ್ತು. ಮಾವನ ಮನೆಯಲ್ಲಿ ಮಾತ್ರ ಬೀಗ ಎಂದರೆ ಬೇರೆಯೇ ನೆಂಟಸ್ತನವಾಗಿಬಿಡುತ್ತದೆ ಎಂದು ಅಳಿಯಂದಿರು ಎಂಬಲ್ಲಿಗೇ ನಿಲ್ಲಿಸಿದ್ದರು.

ಬಲ ಹಾಕಿದ್ದನ್ನು ಕಂಡುಹಿಡಿಯುವ ಈ ಕಣ್ಣೇ ಅವನಿಗೆ ಮುಳುವಾದದ್ದು.

ಭಾನುವಾರದ ಸೆಮಿಫೈನಲ್ ಪಂದ್ಯ. ಊರಿನ ತಂಡ ಒಂದು ಗೋಲಿನಿಂದ ಮುಂದಿತ್ತು. ಮುಗಿಯಲು ಇನ್ನೇನು ಹತ್ತು ಹನ್ನೆರಡು ನಿಮಿಷವಿದೆ ಎನ್ನುವಾಗ ಎದುರು ತಂಡದ ಹನ್ನೊಂದನೇ ನಂಬರಿನವನು ಚೆಂಡನ್ನು ಗೆರೆಯ ಪಕ್ಕದಲ್ಲೇ ಓಡಿಸಿಕೊಂಡು ಬಂದ. ಊರಿನ ತಂಡದ ಡಿಫೆಂಡರ್, ಎಲ್ಲರ ಬಾಯಲ್ಲಿ "ಗೋಡೆ", ಅಡ್ಡ ಬಂದ. ಭುಜಕ್ಕೆ ಭುಜ ತಾಗಿತು. ಹನ್ನೊಂದನೇ ನಂಬರಿನವನು ಗೆರೆ ದಾಟಿ, ಜಾಹೀರಾತಿನ ಹಲಗೆ ದಾಟಿ ಆಚೆ ಬಿದ್ದ. ರೆಫ್ರಿ ಕೆಂಪು ಕಾರ್ಡ್ ಎತ್ತಿದ. ಹತ್ತೇ ಜನ ಉಳಿದರೂ ತಂಡ ಗೆದ್ದಿತು. ಹತ್ತೊಂಬತ್ತು ವರ್ಷದ ನಂತರ ಫೈನಲ್, ಆದರೆ ಅದರಲ್ಲಿ ಗೋಡೆ ಇಲ್ಲ. ಗೋಡೆಗೆ ಮೂವತ್ತಾರು, ಈ ಪಂದ್ಯಾವಳಿ ಮುಗಿದರೆ ಬೂಟು ಕಳಚುವುದು ಎಂದು ಮೊದಲೇ ಹೇಳಿದ್ದ. ಹೋಗಲಿ ಎನ್ನೋಣವೆಂದರೆ ಗೋಡೆ ಬೀಗದಣ್ಣನ ಹೆಂಡತಿಯ ಖಾಸಾ ತಮ್ಮ.

ತಂಡದವರು ಅಂದೇ ಮೇಲ್ಮನವಿ ಹಾಕಿದರು. ಮರುದಿನ ಬೆಳಿಗ್ಗೆಯೇ ಶಿಸ್ತು ಸಮಿತಿಯಿಂದ ಅಭಿಮಾನಿಗಳ ಸಂಘಕ್ಕೆ ಪತ್ರ ಬಂತು. ಅದರಲ್ಲಿ ಎರಡು ವಿಷಯ. ಒಂದು, ಘಟನೆಯನ್ನು ಸ್ಪಷ್ಟವಾಗಿ ಕಂಡ ಪ್ರೇಕ್ಷಕರೊಬ್ಬರು ಗುರುವಾರ ಬಂದು ಹೇಳಿಕೆ ಕೊಡಬಹುದು. ಎರಡು, ಉತ್ತರದ ಮೆಟ್ಟಿಲುಗಳಲ್ಲಿ ಜನ ನಿಂತು ನೋಡುವುದನ್ನು ನಿಲ್ಲಿಸಿ ಕುರ್ಚಿ ಹಾಕುವ ಆಲೋಚನೆ ಇದೆ. ನಿಲ್ಲುವುದರ ಬಗ್ಗೆ ಸಂಘದ ನಿಲುವೇನು ಎಂಬುದನ್ನೂ ಅದೇ ವ್ಯಕ್ತಿ ತಿಳಿಸಬೇಕು.

"ಇನ್ಯಾರು? ನಮ್ಮ ಅಳಿಯಂದಿರೇ," ಎಂದ ಮಾವ. ಸಂಘದ ಅಧ್ಯಕ್ಷ ಅವನೇ. ಮೂವತ್ತು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಈಗ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುವ ದನಿ. "ಬಲ ಹಾಕಿದ್ದಾ ಇಲ್ವಾ ಅಂತ ಹೇಳೋಕೆ ಇಡೀ ಊರು ಇವರ ಹತ್ರ ಹೋಗುತ್ತೆ. ಸಮಿತಿಯವರು ಬಾಯಿ ಮುಚ್ಕೊಂಡು ಕೇಳ್ತಾರೆ. ಅಲ್ದೆ ಇವರು ನನ್ನ ಪಕ್ಕದಲ್ಲೇ ಇದ್ರು, ಮೆಟ್ಟಿಲಲ್ಲಿ ಒರಗಿ ನಿಲ್ಲೋ ಮೂರನೇ ಕಂಬಿ ಹತ್ರ. ಕಣ್ಣೆದುರೇ ಆಯ್ತಲ್ಲ!"

ಕಣ್ಣೆದುರೇ ಆಯಿತು, ನಿಜ. ಕಣ್ಣು ಎಲ್ಲಿತ್ತು ಎಂಬುದೇ ಪ್ರಶ್ನೆ. ಅವನ ನೆನಪಿನಲ್ಲಿ ಇದ್ದದ್ದು ಇಷ್ಟು: ಜನ ಮುಂದಕ್ಕೆ ವಾಲಿದರು; ಮಾವನ ಮೊಣಕೈ ಪಕ್ಕೆಗೆ ಬಂತು; ಯಾರದೋ ಹಸಿರು ಉಣ್ಣೆ ಟೋಪಿ ಕಣ್ಣ ಮುಂದೆ ಎದ್ದಿತು; ಸೀಟಿ ಕೇಳಿತು; ಟೋಪಿ ಇಳಿದಾಗ ಹನ್ನೊಂದನೇ ನಂಬರಿನವನು ಹಲಗೆಯ ಆಚೆ ಇದ್ದ. ಅವನು ಆಚೆ ಹೋದದ್ದು ಹೇಗೆ? ಟೋಪಿಯ ಎಡಗಡೆಯಿಂದ ಏನೋ ಕಂಡ ಹಾಗಿತ್ತು. ಅಥವಾ ಕಂಡ ಹಾಗೆ ಈಗ ಅನ್ನಿಸುತ್ತಿತ್ತು.

"ಮಾವ, ನನಗೆ ಸರಿಯಾಗಿ ಕಂಡಿತೋ ಇಲ್ವೋ…" ಎಂದು ಅವನು ರಾಗ ಎಳೆದ.

"ಕಾಣ್ಲಿಲ್ಲ ಅಂತ ಮಾತ್ರ ಅಲ್ಲಿ ಅಂದೀರಿ! ಕಾಣ್ಲಿಲ್ಲ ಅಂದ್ರೆ ಏನಾಗುತ್ತೆ? ನಿಂತ್ರೆ ಕಾಣಲ್ಲ ಅಂತ ಬರ್ಕೊಂಡು ಕುರ್ಚಿ ಹಾಕ್ತಾರೆ. ಹುಡುಗನೂ ಹೋದ, ಮೆಟ್ಟಿಲೂ ಹೋಯ್ತು."

ಹೀಗೆ ಒಂದೇ ಕೀಲಿಯಲ್ಲಿ ಎರಡು ಬೀಗ ಸಿಕ್ಕಿಕೊಂಡವು.

ಪಂದ್ಯದ ಮರುದಿನ ಕತ್ತರಿಯ ಅಂಗಡಿಯಲ್ಲಿ ಸೇರುವುದು ಅವರಲ್ಲಿ ವರ್ಷಗಳ ರೂಢಿ. ಕತ್ತರಿ ಎಂದರೆ ಕ್ಷೌರದವನು. ಅವನ ಕೈ ಎಷ್ಟು ಚುರುಕೋ ಗಂಟಲು ಅದಕ್ಕಿಂತ ಚುರುಕು. ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುವವನ ದನಿ, ಕೋಚ್‌ನ ಕೆಮ್ಮು, ರೆಫ್ರಿಯ ನೆಗಡಿ, ಎಲ್ಲವನ್ನೂ ಹೊರಡಿಸುವನು. ಸಂಜೆ ಏಳಕ್ಕೆ ಶಟರ್ ಅರ್ಧ ಎಳೆದು, ಬೆಂಚನ್ನು ಗೋಡೆಗೆ ಸರಿಸಿ, ಹಿಂದಿನ ದಿನ ಜಗಳಕ್ಕೆ ಬಿದ್ದ ಫೌಲನ್ನು ಎಲ್ಲರೂ ಸೇರಿ ಮತ್ತೆ ಮಾಡಿ ನೋಡುವರು. ರೆಫ್ರಿ ಒಂದು ಸಲ ನೋಡಿ ತಪ್ಪಿದ್ದನ್ನು ಅಲ್ಲಿ ಹತ್ತು ಸಲ ನೋಡಿ ಸರಿ ಮಾಡುವರು.

ಆ ಸೋಮವಾರ ಬೀಗದಣ್ಣ ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಗೆ ಬಟ್ಟೆ ಬಿಗಿದು ಕೆನ್ನೆಗೆ ನೊರೆ ಬಳಿದ ಕತ್ತರಿ, "ನೊರೆ ಸ್ವಲ್ಪ ನೆನೀಲಿ ಗುರೂ. ಕತ್ತು ಅಲ್ಲಾಡಿಸ್ಬೇಡ, ಬಂದೆ," ಎಂದು ಹಿಂದೆ ಸರಿದು ಹನ್ನೊಂದನೇ ನಂಬರಿನವನಾದ. ಗೋಡೆಯ ಪಾತ್ರ ಬಸ್ ಡ್ರೈವರನದು. ಊರಿನ ಬಸ್ಸುಗಳ ಬಾಗಿಲು ಅವನ ಗಾತ್ರ ನೋಡಿಯೇ ಮಾಡಿಸಿದವು ಎಂದು ಹೇಳುತ್ತಿದ್ದರು. ಮಾವ ರೆಫ್ರಿ, ಬಾಯಲ್ಲಿ ಬಾಚಣಿಗೆ.

"ಮೈದಾನದ ಬಲ ತುದಿಯಲ್ಲಿ ಚೆಂಡು… ಹನ್ನೊಂದು ಓಡ್ತಿದಾನೆ… ಎದುರಿಗೆ ಗೋಡೆ… ಸ್ನೇಹಿತರೇ, ಗೋಡೆಗೆ ಬಾಗಿಲೇ ಇಲ್ಲ!" ಎಂದು ರೇಡಿಯೋ ದನಿಯಲ್ಲಿ ಕೂಗುತ್ತಾ ಕತ್ತರಿ ಓಡಿ ಬಂದ. ಡ್ರೈವರು ಭುಜ ಕೊಟ್ಟ. ಕತ್ತರಿ ಹಾರಿ ಬೆಂಚಿನ ಮೇಲೆ ಬಿದ್ದ.

"ಜಾಸ್ತಿಯಾಯ್ತು," ಎಂದ ಮಾವ. "ನನ್ನ ಮಗ ಅಷ್ಟು ಜೋರಾಗಿ ಕೊಡ್ಲಿಲ್ಲ. ಇನ್ನೊಂದ್ಸಲ."

ಎರಡನೇ ಸಲ ಡ್ರೈವರು ಮೆಲ್ಲಗೆ ಕೊಟ್ಟ. ಕತ್ತರಿ ಆದರೂ ಹಾರಿ ಬಿದ್ದ.

"ನೋಡಿದ್ರಾ? ತಾಗದಿದ್ರೂ ಬೀಳ್ತಾರೆ ಈಗಿನವರು! ಗಾಳಿ ಬೀಸಿದ್ರೆ ಫೌಲು. ಈ ರೆಫ್ರಿಗೆ ಊದೋದೊಂದು ಗೊತ್ತು, ಸಮಿತಿಗೆ ಹಾಕೋದೊಂದು ಗೊತ್ತು. ಇವನದು ಸೀಟಿ, ಅವರದು ಸೀಟು."

"ಸೀಟು ಹಾಕ್ಲಿ ಬಿಡಿ ಯಜಮಾನ್ರೇ," ಎಂದ ಕತ್ತರಿ ಬೆಂಚಿನ ಮೇಲಿಂದಲೇ. "ದಿನಾ ಹತ್ತು ಗಂಟೆ ನಿಂತಿರ್ತೀನಿ ನಾನು. ಊರಲ್ಲಿರೋರೆಲ್ಲ ನನ್ನೆದುರು ಕೂರ್ತಾರೆ. ಭಾನುವಾರ ಒಂದಿನ ನನ್ನನ್ನೂ ಯಾರಾದ್ರೂ ಕೂರಿಸ್ರಪ್ಪ."

"ನನಗೆ ಸೀಟು ಅಂದ್ರೆ ಡ್ಯೂಟಿ," ಎಂದ ಡ್ರೈವರು. "ಕೂತ ತಕ್ಷಣ ಕಾಲು ಬ್ರೇಕ್ ಹುಡುಕುತ್ತೆ. ನನಗೆ ನಿಂತೇ ಬೇಕು."

"ಕೂತು ಬೈದ್ರೆ ಅದು ಬೈಗುಳಾನೇ ಅಲ್ಲ ಕಣ್ರೋ," ಎಂದ ಮಾವ. "ಹೊಟ್ಟೆ ಮಡಚಿರುತ್ತೆ, ಮಾತು ಮೇಲೆ ಬರಲ್ಲ." ಇಷ್ಟು ಹೇಳುವಷ್ಟರಲ್ಲಿ ಮಾವ ಮಂಡಿ ಹಿಡಿದುಕೊಂಡು ಎರಡು ಸಲ ಅಂಗಡಿಯ ಗೋಡೆಗೆ ಒರಗಿದ್ದ. ಅದನ್ನು ಯಾರೂ ನೋಡಲಿಲ್ಲ, ಅಂದರೆ ನೋಡಿಯೂ ಸುಮ್ಮನಿದ್ದರು.

ಏಳೆಂಟು ಸಲ ಕತ್ತರಿ ಬಿದ್ದ. ಪ್ರತಿ ಸಲವೂ ಡ್ರೈವರನ ಭುಜ ಮೆತ್ತಗಾಗುತ್ತಾ ಹೋಯಿತು. ಕೊನೆಯ ಸಲ ಅದು ತಳ್ಳಿದ್ದಲ್ಲ, ಸಮಾಧಾನ ಹೇಳಿದ ಹಾಗಿತ್ತು. ಬೀಗದಣ್ಣ ಕತ್ತು ಅಲ್ಲಾಡಿಸದೆ, ಕೆನ್ನೆಯ ನೊರೆ ಒಣಗುತ್ತಿದ್ದರೂ ಎದುರಿನ ದೊಡ್ಡ ಕನ್ನಡಿಯಲ್ಲಿ ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದ. ಅವರ ತಲೆಗಳ ಮೇಲೆ, ಹಿಂದಿನ ಗೋಡೆಯಲ್ಲಿ, ಅಂಕಿಗಳಿಲ್ಲದ ಬರೀ ಗೆರೆಗಳ ದುಂಡು ಗಡಿಯಾರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಬುಧವಾರದ ಹೊತ್ತಿಗೆ ಅವನ ನೆನಪು ಬೆಳ್ಳಗೆ ಬೆಳಗುತ್ತಿತ್ತು. ಹಸಿರು ಟೋಪಿ ಅದರಷ್ಟಕ್ಕೆ ಕರಗಿ ಹೋಗಿತ್ತು. ಹನ್ನೊಂದನೇ ನಂಬರಿನವನ ಬಲ ಭುಜ, ಅದಕ್ಕೆ ತಾಗಿದ ಗೋಡೆಯ ಭುಜ, ಮೇಲೆ ಗಡಿಯಾರದಲ್ಲಿ ನಾಲ್ಕು ನಲವತ್ತು. ಒಂದೊಂದೂ ಬಿಳಿ ಬಟ್ಟೆಯ ಮೇಲಿಟ್ಟ ಪಿನ್ನಿನ ಹಾಗೆ.

"ಕಂಡಿದೆ ಕಣೇ," ಎಂದ ಹೆಂಡತಿಯ ಹತ್ತಿರ. "ಎಲ್ಲಾ ಕಂಡಿದೆ. ಮೊದಲು ಗಾಬರೀಲಿ ಮರೆತಿದ್ದೆ ಅಷ್ಟೆ."

ಅವಳು ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ನೋವಿದೆ ಎಂದವರನ್ನೂ ಇಲ್ಲ ಎಂದವರನ್ನೂ ಒಂದೇ ಮುಖದಲ್ಲಿ ನೋಡಿ ಅಭ್ಯಾಸ. "ನೋಡಿದ್ದನ್ನ ಹೇಳಿ ಸಾಕು. ತಮ್ಮ ಅಂತ ಸೇರಿಸೋದೂ ಬೇಡ, ಅಪ್ಪ ಬೈತಾರೆ ಅಂತ ಕಳೆಯೋದೂ ಬೇಡ. ಆದ್ರೆ ರೀ, ನೋಡಿರೋದು ನೀವೇ ತಾನೆ?"

"ಮತ್ತೆ ನನ್ನ ಕಣ್ಣಲ್ಲಿ ಬೇರೆಯವರು ನೋಡ್ತಾರಾ?"

ಅಷ್ಟರಲ್ಲಿ ಗೋಡೆಯೇ ಬಂದ. ಮೈದಾನದಲ್ಲಿ ಬೆಟ್ಟದ ಹಾಗೆ ಕಾಣುವವನು ಅಕ್ಕನ ಅಡುಗೆಮನೆಯ ಸ್ಟೂಲಿನ ಮೇಲೆ ಮಡಚಿಕೊಂಡು ಕೂತ. ಲೋಟವನ್ನು ಎರಡು ಬೆರಳಲ್ಲಿ ತಿರುಗಿಸಿದ.

"ಭಾವ, ಒಂದು ಕೇಳ್ತೀನಿ, ಬೈಬೇಡಿ. ನಾನು ಅವನನ್ನ ತಳ್ಳಿದ್ನಾ?"

"ಇದೇನೋ? ನಿನಗೇ ಗೊತ್ತಿಲ್ವಾ?"

"ಇಲ್ಲ ಭಾವ. ನಾನು ಚೆಂಡು ನೋಡ್ತಿದ್ದೆ. ತಾಗಿತು. ಹದಿನೆಂಟು ವರ್ಷದಿಂದ ದಿನಾ ತಾಗ್ತಾನೇ ಇದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ. ತಿರುಗಿ ನೋಡಿದ್ರೆ ಅವನು ಅಲ್ಲಿ ಇಲ್ವೇ ಇಲ್ಲ. ಅವನ ಭುಜದ ಮೂಳೆ ಬಿರುಕು ಬಿಟ್ಟಿದೆಯಂತೆ. ಬೇಕು ಅಂತ ಮಾಡಿದ್ನಾ ಅಂತ ರಾತ್ರಿಯೆಲ್ಲ ನನ್ನನ್ನೇ ಕೇಳ್ಕೊಂಡೆ. ನೀವು ನೋಡಿದೀರಂತಲ್ಲ, ಅಪ್ಪ ಅಂದ್ರು. ನೀವು ಹೇಳಿದ್ರೆ ನಂಬ್ತೀನಿ."

ಬೀಗದಣ್ಣ ಅವನ ಭುಜ ತಟ್ಟಿ, "ನೀನು ತಳ್ಳಲಿಲ್ಲ ಕಣೋ, ತಾಗಿತು ಅಷ್ಟೆ," ಎಂದ. ಹೇಳಿದಾಗ ತುಂಬ ಸಲೀಸಾಗಿತ್ತು. ಎಣ್ಣೆ ಬಿಟ್ಟ ಬೀಗದ ಹಾಗೆ ತಿರುಗಿತು. ಅಷ್ಟು ಸಲೀಸಾಗಿ ತಿರುಗುವ ಬೀಗವನ್ನು ಅಂಗಡಿಯಲ್ಲಾದರೆ ಅವನು ಮತ್ತೊಮ್ಮೆ ಬಿಚ್ಚಿ ನೋಡುತ್ತಿದ್ದ.

ಗುರುವಾರ ಸಮಿತಿಯ ಕೋಣೆ. ಉದ್ದನೆಯ ಮೇಜು, ಗೋಡೆಗುಂಟ ಕಬ್ಬಿಣದ ಬೀರು. ಅದರ ಬೀಗ ಅಗ್ಗದ್ದು ಎಂಬುದನ್ನು ಅವನು ಬಾಗಿಲಲ್ಲೇ ಗಮನಿಸಿದ. ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್. ಯಾರು ಮಾತಾಡಿದರೂ ಅವರು ಪಾಠ ಓದದೆ ಬಂದಿದ್ದಾರೆ ಎಂಬ ನೋಟ. ಮೇಜಿನ ತುದಿಯಲ್ಲಿ ರೆಫ್ರಿ. ಅವನು ವಾರವಿಡೀ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವ ಗುಮಾಸ್ತ. ಮೈದಾನದಲ್ಲಿ ರಾಕ್ಷಸನಂತೆ ಕಂಡಿದ್ದವನು ಇಲ್ಲಿ ಕರವಸ್ತ್ರ ಮಡಚಿ ಮಡಚಿ ಮೂಗು ಒರೆಸಿಕೊಳ್ಳುವ ಬಡಪಾಯಿ. ನೆಗಡಿ ಕತ್ತರಿ ಮಾಡುವ ಹಾಗೆಯೇ ಇತ್ತು.

"ಎಲ್ಲಿ ನಿಂತಿದ್ರಿ?"

"ಉತ್ತರದ ಮೆಟ್ಟಿಲು, ಮೂರನೇ ಕಂಬಿ ಹತ್ರ, ಮೇಡಂ."

"ಅಲ್ಲಿಂದ ಕಾಣ್ತಿತ್ತಾ?"

"ಅಂಗೈ ನೋಡಿಕೊಂಡಂಗೆ."

"ಎಷ್ಟು ಹೊತ್ತಾಗಿತ್ತು ಆಗ?"

"ನಾಲ್ಕು ನಲವತ್ತು. ಗಡಿಯಾರ ಅಲ್ಲೇ ಮೇಲಿತ್ತು, ಆ ಇಬ್ಬರ ತಲೆ ಮೇಲೇ."

ರೆಫ್ರಿ ಕರವಸ್ತ್ರದೊಳಗಿಂದ ತಲೆ ಎತ್ತಿದ. "ಮೈದಾನದಲ್ಲಿ ಗಡಿಯಾರ ಇಲ್ಲ ಸರ್. ಕೆಟ್ಟಿದೆ ಅಂತ ಹೋದ ವರ್ಷವೇ ಇಳಿಸಿದ್ರು."

ಬೀಗದಣ್ಣನ ನೆನಪಿನ ಸಾಲಿನಿಂದ ಒಂದು ಪಿನ್ನು ಜಾರಿತು. ಆದರೂ ಬಾಯಿ ಓಡುತ್ತಿತ್ತು. "ಇರಬಹುದು. ಆದ್ರೆ ತಾಗಿದ್ದನ್ನ ಮಾತ್ರ ಖಂಡಿತ ನೋಡಿದೀನಿ. ಹನ್ನೊಂದನೇ ನಂಬರಿನ ಬಲ ಭುಜಕ್ಕೆ ತಾಗಿತು."

"ಬಲವಾಗಿ?"

"ಬಲ ಭುಜಕ್ಕೆ ಮೇಡಂ, ಬಲವಾಗಿ ಅಲ್ಲ. ಸಮಾಧಾನ ಹೇಳೋ ಹಾಗೆ."

ಅಧ್ಯಕ್ಷೆ ಮುಂದಿದ್ದ ಕಾಗದವನ್ನು ಕನ್ನಡಕದ ಕೆಳಗಿನಿಂದ ಓದಿದರು. "ಇದು ಡಾಕ್ಟರ ಪತ್ರ. ಪೆಟ್ಟು ಬಿದ್ದದ್ದು ಎಡ ಭುಜಕ್ಕೆ. ಮೂಳೆ ಬಿರುಕು ಬಿಟ್ಟಿರೋದೂ ಎಡಗಡೆಯೇ."

ಬೀಗದಣ್ಣ ತನ್ನ ಬಲ ಭುಜ ಮುಟ್ಟಿಕೊಂಡ, ಆಮೇಲೆ ಎಡ ಭುಜ ಮುಟ್ಟಿಕೊಂಡ. ಕಣ್ಣು ಮುಚ್ಚಿ ನೆನಪನ್ನು ಮತ್ತೆ ನೋಡಿದ. ಹನ್ನೊಂದನೇ ನಂಬರಿನವನ ಹಿಂದೆ ಪೌಡರ್ ಡಬ್ಬಗಳ ಸಾಲಿತ್ತು. ಅವನು ಬಿದ್ದದ್ದು ಬೆಂಚಿನ ಮೇಲೆ. ಮೇಲಿದ್ದ ಗಡಿಯಾರಕ್ಕೆ ಅಂಕಿಗಳಿರಲಿಲ್ಲ. ನಾಲ್ಕು ನಲವತ್ತೆಂದು ಕಂಡದ್ದು ಏಳು ಇಪ್ಪತ್ತು, ತಿರುವುಮುರುವಾಗಿ.

"ಮೇಡಂ," ಎಂದ, ದನಿ ಕುಗ್ಗಿತ್ತು. "ನಾನು ನೋಡಿದ್ದು ಕ್ಷೌರದ ಅಂಗಡೀಲಿ. ಸೋಮವಾರ. ಕನ್ನಡೀಲಿ."

"ಹಾಗಾದ್ರೆ ಭಾನುವಾರ ಮೈದಾನದಲ್ಲಿ ನೋಡ್ಲಿಲ್ಲ?"

"ಒಂದು ಟೋಪಿ ನೋಡಿದೆ. ಹಸಿರು. ಅದರ ಪಕ್ಕದಿಂದ ಏನೋ ಕಂಡಿತ್ತು ಅನ್ಸುತ್ತೆ. ಈಗ ಅದರ ಮೇಲೆ ಕ್ಷೌರದವನು ಬಿದ್ದುಬಿಟ್ಟಿದಾನೆ, ಎಬ್ಬಿಸೋಕೆ ಆಗ್ತಿಲ್ಲ. ನೋಡಿದ್ನೋ ಇಲ್ವೋ ನನಗೇ ಗೊತ್ತಾಗ್ತಿಲ್ಲ ಮೇಡಂ."

ಅಧ್ಯಕ್ಷೆ ರೆಫ್ರಿಯ ಕಡೆ ತಿರುಗಿದರು. "ನೀವು ನೋಡಿದ್ರಿ ತಾನೆ?"

ರೆಫ್ರಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ತಾಗಿದ್ದನ್ನ ನೋಡಿದೆ. ಎಷ್ಟು ಅಂತ… ಮೇಡಂ, ಅಂಗಡೀಲಿ ನನ್ನ ಹತ್ರ ತೂಕದ ಕಲ್ಲು ಇರುತ್ತೆ. ಇಲ್ಲಿ ಸೀಟಿ ಮಾತ್ರ. ಭುಜ ತಾಗೋದು ಆಟ, ತಳ್ಳೋದು ತಪ್ಪು ಅಂತ ನಿಯಮ ಇದೆ. ತಾಗೋದು ಎಲ್ಲಿ ಮುಗಿದು ತಳ್ಳೋದು ಎಲ್ಲಿ ಶುರು ಆಗುತ್ತೆ ಅಂತ ಗೆರೆ ಎಳೆದಿಲ್ಲ." ತುಸು ಯೋಚಿಸಿ ಎದ್ದು ಬೀಗದಣ್ಣನ ಪಕ್ಕ ಬಂದು ನಿಂತ. "ನೀವು ಬಲ ಹಾಕಿದ್ದನ್ನ ಹೇಳೋರಂತೆ. ಒಂದ್ಸಲ ಭುಜ ಕೊಡಿ ಸರ್."

"ಇಲ್ಲೇನಾ?"

"ಇಲ್ಲೇ. ಮೆಲ್ಲಗೆ."

ಇಬ್ಬರೂ ಭುಜಕ್ಕೆ ಭುಜ ಹಚ್ಚಿ ನಿಂತರು. ಬೀಗದಣ್ಣ ತುಸು ಒತ್ತಿದ. "ಇಷ್ಟು ಸರಿ," ಎಂದ ರೆಫ್ರಿ. ಇನ್ನಷ್ಟು ಒತ್ತಿದ. "ಇದೂ ಸರಿ." ಇನ್ನೊಂದಿಷ್ಟು. ರೆಫ್ರಿಯ ಬೂಟು ನೆಲದ ಮೇಲೆ ಕೀಚ್ ಎಂದಿತು. "ಇದು… ಸರಿನೇ ಇರಬೇಕು." ಮುಂದಿನ ಸಲ ರೆಫ್ರಿ ನಾಲ್ಕು ಹೆಜ್ಜೆ ಪಕ್ಕಕ್ಕೆ ತೂರಾಡಿ ಹೋಗಿ ಕಬ್ಬಿಣದ ಬೀರುವಿಗೆ ಢಣ್ಣೆಂದು ಬಡಿದ. ಬೀರುವಿನ ಅಗ್ಗದ ಬೀಗ ತಾನಾಗಿ ತೆರೆದುಕೊಂಡು ಕಡತಗಳು ಜಾರಿದವು.

"ಅಯ್ಯೋ! ಫೌಲಾ ಸರ್?" ಎಂದ ಬೀಗದಣ್ಣ ಗಾಬರಿಯಿಂದ.

ರೆಫ್ರಿ ಬೀರುವಿಗೆ ಒರಗಿಕೊಂಡೇ ಯೋಚಿಸಿದ. "ಗೊತ್ತಾಗ್ಲಿಲ್ಲ. ನೀವು ಹಿಂದಿನ ಸಲಕ್ಕಿಂತ ಜಾಸ್ತಿ ಒತ್ತಿದ್ರಾ, ನಾನು ಸರಿಯಾಗಿ ನಿಂತಿರಲಿಲ್ವಾ?"

"ನನಗೂ ಗೊತ್ತಾಗ್ಲಿಲ್ಲ ಸರ್."

ಇಬ್ಬರೂ ಕೂತು ಕಡತ ಆರಿಸತೊಡಗಿದರು. ಅಧ್ಯಕ್ಷೆ ತೀರ್ಪು ಬರೆದದ್ದು ಆ ಸದ್ದಿನ ನಡುವೆಯೇ. ಸಾಕ್ಷಿ ನಿಲ್ಲದ ಕಾರಣ ಕೆಂಪು ಕಾರ್ಡ್ ನಿಲ್ಲುತ್ತದೆ. ವಿಪರೀತ ಬಲವೆಂದು ಹೇಳಲು ಯಾರಿಗೂ ಆಗದ ಕಾರಣ ನಿಯಮದಲ್ಲಿರುವ ಆರು ಪಂದ್ಯದ ಬದಲು ಒಂದೇ ಪಂದ್ಯದ ನಿಷೇಧ. ಆ ಒಂದೇ ಪಂದ್ಯ ಫೈನಲ್. ಉತ್ತರದ ಮೆಟ್ಟಿಲಿನಲ್ಲಿ, ಟೋಪಿಯ ವಿಷಯ ಗಮನದಲ್ಲಿಟ್ಟುಕೊಂಡು, ಮೂರನೇ ಕಂಬಿಗೆ ಪ್ರಯೋಗಕ್ಕಾಗಿ ಒಂದು ಸಾಲು ಮಡಚುವ ಕುರ್ಚಿ. ಬೇಕಾದರೆ ಬಿಡಿಸಿ ಕೂರಬಹುದು, ಬೇಡವಾದರೆ ಮಡಚಿ ಬೀಗ ಹಾಕಿ ನಿಲ್ಲಬಹುದು.

"ಬೀಗದ ಕೈ ನಿಮ್ಮ ಹತ್ರನೇ ಇರ್ಲಿ," ಎಂದರು ಅಧ್ಯಕ್ಷೆ.

ಮಾವ ಮೂರು ದಿನ ಮಾತು ಬಿಟ್ಟ. ಅಂದರೆ ಅಳಿಯನ ಜೊತೆ ಬಿಟ್ಟ. ಅಳಿಯನ ಬಗ್ಗೆ ಬಿಡಲಿಲ್ಲ. "ಊರಿನ ಬೀಗ ಎಲ್ಲಾ ಬಿಚ್ತಾರೆ, ಬಾಯಿ ಬೀಗ ಯಾಕೆ ಬಿಚ್ಚಬೇಕಿತ್ತು?" ಎಂದು ಹಿತ್ತಲಲ್ಲಿ ನಿಂತು ಹೇಳಿದ್ದು ಬೀದಿಗೆಲ್ಲ ಕೇಳಿಸಿತು. ಗೋಡೆ ಮಾತ್ರ ಶುಕ್ರವಾರ ಅಂಗಡಿಗೆ ಬಂದ. ಅವನು ಒಳಗೆ ಬಂದರೆ ಅಂಗಡಿಯೇ ಹೊರಗೆ ಹೋಗಬೇಕಾದ್ದರಿಂದ ಬಾಗಿಲಲ್ಲೇ ನಿಂತ.

"ತಪ್ಪಾಯ್ತು ಕಣೋ," ಎಂದ ಬೀಗದಣ್ಣ. "ನೀನು ತಳ್ಳಲಿಲ್ಲ ಅಂದೆನಲ್ಲ, ಅದೂ ನನಗೆ ಗೊತ್ತಿದ್ದು ಹೇಳಿದ್ದಲ್ಲ."

"ಬಿಡಿ ಭಾವ," ಎಂದ ಗೋಡೆ. ಅವನ ಕಣ್ಣು ಕೆಂಪಾಗಿತ್ತು. "ಹನ್ನೊಂದನೇ ನಂಬರಿನವನ ಮನೆಗೆ ಹೋಗಿದ್ದೆ. ತಳ್ಳಿದ್ನೇನಪ್ಪಾ ಅಂತ ಅವನನ್ನೇ ಕೇಳಿದೆ. ಅವನೂ ಚೆಂಡು ನೋಡ್ತಿದ್ನಂತೆ." ಬಾಗಿಲ ಚೌಕಟ್ಟಿಗೆ ಭುಜ ಆನಿಸಿದ, ಚೌಕಟ್ಟು ಕಿರ್ರೆಂದಿತು, ಬೇಗನೆ ಸರಿದು ನಿಂತ. "ಭಾನುವಾರ ನಿಮ್ಮ ಪಕ್ಕ ನಿಲ್ಲಕ್ಕೆ ಜಾಗ ಇರುತ್ತಾ?"

ಫೈನಲ್ ದಿನ ಗೋಡೆ ಮೊದಲ ಬಾರಿಗೆ ಉತ್ತರದ ಮೆಟ್ಟಿಲಿನಲ್ಲಿ ನಿಂತ. ಸುತ್ತಲಿನವರು ಬೆನ್ನು ತಟ್ಟಿದರು, ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಮಾವ ಮೂರು ದಿನದ ಮೌನ ಮುರಿದ, ಅದೂ ತನಗೆ ಸಾಧ್ಯವಾದಷ್ಟು ಮೆಲ್ಲಗೆ.

"ಅಳಿಯಂದಿರೇ, ಒಂದು ಕುರ್ಚಿ ಬೀಗ ತೆಗೀರಿ. ಹಾಕಿರೋದು ಸರಿಯಾಗಿದೆಯಾ ಅಂತ ನೋಡ್ತೀನಿ."

ಮೂರು ಸಾಲು ತಿರುಗಿ ನೋಡಿತು. ಬೀಗದಣ್ಣ ತೆಗೆದ. ಮಾವ ಕೂತು ಮಂಡಿ ನೀವಿಕೊಂಡ. ಎರಡು ನಿಮಿಷಕ್ಕೆ, "ಏನೂ ಕಾಣಲ್ಲ ಇದರಲ್ಲಿ," ಎಂದು ಎದ್ದ. ಐದು ನಿಮಿಷಕ್ಕೆ ಮತ್ತೆ ಕೂತ. ಕೀಲಿಕೈ ಹಿಡಿದ ಬೀಗದಣ್ಣ ಪಂದ್ಯ ನೋಡಬೇಕೋ ಮಾವನನ್ನು ನೋಡಬೇಕೋ ತಿಳಿಯದೆ ಒಮ್ಮೆ ಅತ್ತ ಒಮ್ಮೆ ಇತ್ತ ತಿರುಗುತ್ತಿದ್ದ.

ಹೀಗೆ ತಿರುಗಿದ್ದಾಗಲೇ ಎದುರು ತಂಡದ ಡಿಫೆಂಡರನೂ ಊರಿನ ಹುಡುಗನೂ ಗೆರೆಯ ಪಕ್ಕ ಒಂದಾಗಿ ಬಂದರು. ಮೆಟ್ಟಿಲು ಪೂರಾ ಮುಂದಕ್ಕೆ ವಾಲಿತು. ಊರಿನ ಹುಡುಗ ಹಲಗೆಯ ಆಚೆ ಬಿದ್ದ. ಸೀಟಿ ಇಲ್ಲ, ಆಟ ಮುಂದುವರಿಯಲಿ ಎಂದು ರೆಫ್ರಿ ಎರಡೂ ಕೈ ಚಾಚಿದ.

"ಫೌಲ್! ಫೌಲ್ ರೀ ಅದು! ಕಣ್ಣಿಲ್ವೇನ್ರೀ ನಿಮಗೆ? ಹಾಗೆ ತಳ್ಳಬಹುದಾ ಯಾರಾದ್ರೂ?" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದವನು ಗೋಡೆ. ಆಮೇಲೆ ಮೆಲ್ಲಗೆ ತಿರುಗಿದ.

"ಭಾವ, ಏನಾಯ್ತು ಅಲ್ಲಿ? ಎಲ್ರೂ ಕೂಗಿದ್ರು ಅಂತ ನಾನೂ ಕೂಗಿಬಿಟ್ಟೆ."

"ನನಗೇನು ಗೊತ್ತೋ. ಮುಂದೆ ಅಡ್ಡ ನೀನೇ ನಿಂತಿದ್ದೀಯಲ್ಲ."

ಮಾವ ಕುರ್ಚಿಯಿಂದ ಕೇಳಿದ: "ಫೌಲಾ ಅಲ್ವಾ, ಯಾರಾದ್ರೂ ಹೇಳ್ರೋ!"

"ನಾಳೆ ಕತ್ತರಿ ಅಂಗಡೀಲಿ ನೋಡೋಣ ಮಾವ," ಎಂದ ಬೀಗದಣ್ಣ. "ಬೀಳೋ ಪಾತ್ರ ಇವನಿಗೇ ಕೊಡೋಣ. ನಾನು ಕನ್ನಡಿಗೆ ಬೆನ್ನು ಹಾಕಿ ಕೂರ್ತೀನಿ."